ನೀಲಗಿರಿ ಬೊಡ್ಡೆಯ ಬೆಂಕಿ

ನಮ್ಮ ಎರಡು ಎಕರೆಗೆ ಬೆಂಕಿ ಬಿದ್ದದ್ದು ನನ್ನಿಂದ. ಮುನಿರತ್ನಮ್ಮನಿಂದ ಅಲ್ಲ.

ಈ ಎರಡು ವಾಕ್ಯ ಬರೆಯುವುದಕ್ಕೆ ನನಗೆ ಏಳು ವರ್ಷ ಹಿಡಿಯಿತು. ಬರೆದೇ ಹೊಟ್ಟೆ ಹೊರೆದವನು ನಾನು — ಬಂಗಾರಪೇಟೆಯ ನೋಂದಣಿ ಕಚೇರಿಯ ಎದುರು ಒಂದು ಮೇಜು, ಎರಡು ಕುರ್ಚಿ ಹಾಕಿಕೊಂಡು ಮೂವತ್ತು ವರ್ಷ ಜಮೀನಿನ ಪತ್ರಗಳನ್ನು ಬರೆದವನು. ಮೂಡಲಿಗೆ ಇಂಥವರ ಹೊಲ, ಪಡುವಲಿಗೆ ಬಂಡಿದಾರಿ ಎಂದು ಊರವರ ಎಲ್ಲೆಗಳನ್ನೆಲ್ಲ ಗುರುತಿಸಿ ಕೊಟ್ಟವನು. ಸುತ್ತಲ ಹಳ್ಳಿಯವರಿಗೆ ನಾನು ‘ರೈಟರ್ ಸಾರ್’. ನನ್ನ ನಿಜವಾದ ಹೆಸರು ಕೇಳಿದರೆ ಅರ್ಧ ಜನ ತಲೆ ಕೆರೆದುಕೊಳ್ಳುತ್ತಾರೆ. ಯಾವ ಮಾತು ಬರೆಯಬೇಕು, ಯಾವ ಮಾತು ಬಿಡಬೇಕು ಎಂಬುದು ನನ್ನ ಕಸುಬು. ಆ ಕಸುಬನ್ನೇ ನಾನು ಒಬ್ಬ ಹೆಂಗಸಿನ ಮೇಲೆ ಪ್ರಯೋಗಿಸಿದೆ.

ಮೊದಲಿನಿಂದ ಹೇಳುತ್ತೇನೆ.

ಹಳೆಯ ಪತ್ರಗಳನ್ನು ಓದುತ್ತಾ ಓದುತ್ತಾ ನನಗೊಂದು ಹುಚ್ಚು ಹತ್ತಿತ್ತು. ನಮ್ಮ ತಾತಂದಿರ ಕಾಲದ ಪತ್ರಗಳಲ್ಲಿ ಎಲ್ಲೆಗೆ ಗುರುತು ಎಂದರೆ ಗಿಡಮರಗಳೇ — ‘ಈಶಾನ್ಯ ಮೂಲೆಯ ಕಾರೆ ಮೆಳೆ’, ‘ತೆಂಕಲ ಬದುವಿನ ತುಗ್ಗಲಿ ಮರ’, ‘ಜೋಡಿ ಮುತ್ತುಗ’. ಬರಬರುತ್ತಾ ಅವೆಲ್ಲ ಹೋಗಿ ಕಲ್ಲುಕಂಬ ಬಂತು, ಆಮೇಲೆ ಬರೀ ಸರ್ವೆ ನಂಬರು ಉಳಿಯಿತು. ಕ್ಯಾಸಂಬಳ್ಳಿ ದಾಟಿದ ಮೇಲೆ ಒಂದು ಹಳ್ಳಿಯ ಹೊರಗೆ ಎರಡು ಎಕರೆ ನೀಲಗಿರಿ ತೋಪು ಮಾರಾಟಕ್ಕಿದೆ ಎಂದು ಗೊತ್ತಾದಾಗ ಅದರ ಮೂಲಪತ್ರ ತೆಗೆದು ನೋಡಿದೆ. ಅದರಲ್ಲೂ ಕಾರೆ ಮೆಳೆ, ತುಗ್ಗಲಿ ಮರ, ಬಾರೆ ಗಿಡಗಳು ಇದ್ದವು. ಕಾಗದದಲ್ಲಿ ಇದ್ದವು, ನೆಲದ ಮೇಲೆ ಇರಲಿಲ್ಲ. ಅವನ್ನು ಮತ್ತೆ ನೆಲಕ್ಕೆ ತರಬೇಕು, ಆ ಎರಡು ಎಕರೆಯನ್ನು ಹಕ್ಕಿಗೆ ಹುಳಕ್ಕೆ ಬಿಟ್ಟುಕೊಡಬೇಕು ಎಂದು ಹಟ ಹಿಡಿದು ಕೊಂಡೆ. ನನ್ನ ಹೆಂಡತಿ ಸರೋಜ ನಕ್ಕಳು.

“ಏನೂ ಬೆಳೀದೇ ಇರೋಕೆ ಯಾರಾದ್ರೂ ಜಮೀನು ತಗೋತಾರಾ? ಬೇರೆಯವರ ಪತ್ರ ಬರೆದೂ ಬರೆದೂ ನಿಮ್ಮ ತಲೆ ಕೆಟ್ಟೈತೆ.”

ಮೂವತ್ತು ವರ್ಷ ಊರಿಗೆಲ್ಲ ಜಮೀನು ಬರೆದುಕೊಟ್ಟು ಮೊದಲ ಸಲ ನನ್ನ ಹೆಸರಿಗೆ ಒಂದು ಪತ್ರ ಬರೆದುಕೊಂಡಿದ್ದೆ. ಅವಳ ಮಾತು ಕಿವಿಗೆ ಹೋಗಲಿಲ್ಲ.

ಮರಗಳನ್ನು ಕಡಿಸಿದೆ. ನೀಲಗಿರಿ ಕಡಿದರೆ ಸಾಯುವ ಮರವಲ್ಲ. ಬೊಡ್ಡೆಯಿಂದ ಮತ್ತೆ ಚಿಗುರುತ್ತದೆ. ಬೊಡ್ಡೆ ಕೀಳಲು ಜೆಸಿಬಿ ತನ್ನಿ ಎಂದರು. ಜೆಸಿಬಿ ತಂದರೆ ನೆಲವೆಲ್ಲ ಅಗೆದು ಹೋಗುತ್ತದೆ, ಮಣ್ಣಿನಲ್ಲಿ ಉಳಿದಿರಬಹುದಾದ ಹಳೆಯ ಬೇರು ಬೀಜವೂ ಹಾಳಾಗುತ್ತದೆ ಎಂದು ನಾನು ಒಪ್ಪಲಿಲ್ಲ. ಇಲ್ಲಿ ಇನ್ನೊಂದು ದಾರಿ ಉಂಟು — ಬೊಡ್ಡೆಯ ಸುತ್ತ ಕೆದಕಿ, ಬೆರಣಿ ಮತ್ತು ಒಣಎಲೆ ತುಂಬಿ ಕಿಚ್ಚಿಟ್ಟರೆ ಅದು ಒಳಗೊಳಗೇ ಬೆಂದು ಸಾಯುತ್ತದೆ. ದಿನಕ್ಕೆ ನಾಲ್ಕೈದು ಬೊಡ್ಡೆಯಂತೆ ಹಾಗೆ ಸುಡುತ್ತಾ ಬಂದೆ. ನಡುನಡುವೆ ನರ್ಸರಿಯಿಂದ ಹೊಂಗೆ, ಬೇವು, ಹೊಳೆಮತ್ತಿ ಸಸಿಗಳನ್ನು ತಂದು ನೆಟ್ಟೆ. ಬೆಳಿಗ್ಗೆ ಮೊಪೆಡ್ ಹತ್ತಿ ಹೋಗುವುದು, ಹನ್ನೊಂದಕ್ಕೆ ಬಂದು ಮೇಜಿನ ಮುಂದೆ ಕೂರುವುದು. ಬಟ್ಟೆಯೆಲ್ಲ ಹೊಗೆ ವಾಸನೆ. ಪತ್ರ ಬರೆಸಲು ಬಂದವರು ಮೂಗು ಮುರಿಯುತ್ತಿದ್ದರು.

ಬದುಗಳಲ್ಲಿ ಸೊಂಟದ ಮಟ್ಟ ಹುಲ್ಲು ಬೆಳೆದಿತ್ತು. ಮುನಿರತ್ನಮ್ಮ ಅದನ್ನು ಕೊಯ್ಯಲು ಬರುತ್ತಿದ್ದಳು. ಗಂಡ ತೀರಿಕೊಂಡ ಹೆಂಗಸು, ಒಂದು ಸೀಮೆಹಸು, ಉಳಿದಂತೆ ಕೂಲಿ. ಹಿಂದಿನ ಯಜಮಾನನ ಕಾಲದಿಂದಲೂ ಆ ಬದುವಿನ ಹುಲ್ಲು ಅವಳದು. ಇದು ಯಾವ ಪತ್ರದಲ್ಲೂ ಬರೆದಿರಲಿಲ್ಲ, ಆದರೆ ಊರಿಗೆಲ್ಲ ಗೊತ್ತಿತ್ತು. ನನಗೆ ಪತ್ರದಲ್ಲಿ ಇಲ್ಲದ್ದು ಕಣ್ಣಿಗೆ ಕಾಣುತ್ತಿರಲಿಲ್ಲ ನೋಡಿ — ಒಂದು ದಿನ ಅವಳನ್ನು ತಡೆದು ನಿಲ್ಲಿಸಿದೆ. ಇನ್ನು ಮುಂದೆ ಇಲ್ಲಿ ಯಾರೂ ಏನೂ ಕೊಯ್ಯಕೂಡದು, ಇದು ಪ್ರಾಣಿಪಕ್ಷಿಗೆ ಬಿಟ್ಟ ಜಾಗ ಎಂದೆ.

“ನಮ್ ಅಸೂನೂ ಪ್ರಾಣೀನೇ ಅಲ್ವಾ ಸಾರ್?” ಎಂದಳು.

ನಾನು ರೇಗಿದೆ. ಅವಳೂ ಒಂದೆರಡು ಮಾತು ಆಡಿದಳು. ಪಕ್ಕದ ಹೊಲದವರು ತಲೆಯೆತ್ತಿ ನೋಡುವಷ್ಟು ಜೋರಾಯಿತು. ಕೊನೆಗೆ ಕುಡುಗೋಲು ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಟವಳು, ನಾಲ್ಕು ಹೆಜ್ಜೆ ಹೋಗಿ ತಿರುಗಿ ಬಂದಳು. ಕೋಪ ಇಳಿದಿತ್ತು. ತೆಂಕಲ ಬದುವಿನ ಹತ್ತಿರ ನಾನು ಹಿಂದಿನ ದಿನ ಸುಟ್ಟಿದ್ದ ಒಂದು ಬೊಡ್ಡೆ ತೋರಿಸಿ ಹೇಳಿದಳು:

“ಸಾರ್, ಅದು ಆರಿಲ್ಲ ನೋಡಿ. ನೀಲಗಿರಿ ಬೇರಲ್ಲಿ ಬೆಂಕಿ ಒಳಗೊಳಗೇ ಓಗ್ತೈತೆ. ಎರಡು ಬಿಂದಿಗೆ ನೀರು ಉಯ್ದು ಓಗಿ.”

ನನ್ನ ಜಮೀನಿನಲ್ಲಿ ನಾನೇನು ಮಾಡಬೇಕು ಎಂದು ನೀವು ಹೇಳಿಕೊಡಬೇಡಿ ಎಂದೆ. ಅವಳು ಹೋದ ಮೇಲೆ ಬೊಡ್ಡೆಯ ಬಳಿ ಹೋಗಿ ಕೈಯಿಟ್ಟು ನೋಡಿದೆ. ಮೇಲಿನ ಬೂದಿ ತಣ್ಣಗಿತ್ತು. ನೀರು ತರಬೇಕೆಂದರೆ ಬೋರ್‌ವೆಲ್ ಇರುವ ಹೊಲದವರೆಗೆ ನಡೆಯಬೇಕು. ಆಗಲೇ ಹತ್ತೂವರೆ. ಮೊಪೆಡ್ ಹತ್ತಿ ಹೊರಟುಬಿಟ್ಟೆ.

ಎರಡನೆಯ ದಿನ ಮಧ್ಯಾಹ್ನ ಫೋನು ಬಂತು. ನಾನು ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು. ನೆಟ್ಟ ಸಸಿಗಳು, ಹುಲ್ಲು, ಬದು ಎಲ್ಲವೂ ಕರ್ರಗೆ. ಗಾಳಿಗೆ ಬೆಂಕಿ ಪಕ್ಕದ ಹೊಲಕ್ಕೂ ಹಾರಿ ಅಲ್ಲಿದ್ದ ರಾಗಿಹುಲ್ಲಿನ ಮೆದೆ ಸುಟ್ಟುಹೋಗಿತ್ತು. ಅದು ಊರಿನ ಹಾಲಿನ ಡೈರಿಯ ಸೆಕ್ರೆಟರಿ ವೆಂಕಟೇಶಪ್ಪನದು, ಅವನ ಮೂರು ಹಸುಗಳ ವರ್ಷದ ಮೇವು. ಜನ ಸೇರಿದ್ದರು. ನಾನು ಯಾರ ಜೊತೆಯೂ ಮಾತಾಡದೆ ನೇರ ತೆಂಕಲ ಬದುವಿಗೆ ನಡೆದೆ.

ಬೊಡ್ಡೆ ಇದ್ದ ಜಾಗದಲ್ಲಿ ಬೊಡ್ಡೆ ಇರಲಿಲ್ಲ. ಒಂದು ಗುಂಡಿ, ಒಳಗೆ ಬಿಳಿ ಬೂದಿ. ಆ ಗುಂಡಿಯಿಂದ ಬೇರು ಇದ್ದ ದಾರಿಯುದ್ದಕ್ಕೂ ಮೊಳಕೈ ತೂರುವಷ್ಟು ಅಗಲದ ಸುರಂಗ, ಅದು ಹೋಗಿ ಬಾಯಿ ತೆರೆದದ್ದು ಒಣಹುಲ್ಲಿನ ನಡುವೆ. ಅವಳು ಹೇಳಿದ್ದ ಹಾಗೆಯೇ. ಕೈಯಿಟ್ಟೆ, ಇನ್ನೂ ಬಿಸಿ ಇತ್ತು — ಆ ಬಿಸಿ ಈಗಲೂ ನನ್ನ ಬೆರಳ ತುದಿಯಲ್ಲಿದೆ.

ಹಿಂದೆ ಜನ ಬರುವ ಸದ್ದಾಯಿತು. ನಾನು ಚಪ್ಪಲಿಯಿಂದ ಮಣ್ಣು ತಳ್ಳಿ ಆ ಸುರಂಗದ ಬಾಯಿ ಮುಚ್ಚಿದೆ.

ಯೋಚಿಸಿ ಮಾಡಿದ್ದಲ್ಲ ಎಂದು ಬರೆಯಲು ಹೊರಟೆ. ಅದು ಸುಳ್ಳು. ವೆಂಕಟೇಶಪ್ಪನ ಮೆದೆ ನನ್ನ ತಲೆಗೆ ಬರುತ್ತದೆ, ಕಾಡು ಮಾಡಲು ಬಂದ ರೈಟರು ಊರಿಗೇ ಬೆಂಕಿ ಇಟ್ಟ ಎಂದು ಆಡಿಕೊಂಡು ನಗುತ್ತಾರೆ, ಸರೋಜಳೂ ನಗುತ್ತಾಳೆ — ಅಷ್ಟೆಲ್ಲ ಯೋಚಿಸುವಷ್ಟು ಹೊತ್ತು ನನಗೆ ಸಿಕ್ಕಿತ್ತು.

“ಯಾರ ಮೇಲಾದ್ರೂ ಅನುಮಾನ ಐತಾ ಸಾರ್?” ವೆಂಕಟೇಶಪ್ಪ ಕೇಳಿದ.

ನಾನು ಹೇಳಿದೆ: “ಅನುಮಾನ ಅಂತ ಏನಿಲ್ಲ. ಮೊನ್ನೆ ಹುಲ್ಲಿನ ವಿಷಯಕ್ಕೆ ಮುನಿರತ್ನಮ್ಮನಿಗೂ ನನಗೂ ಸ್ವಲ್ಪ ಮಾತಾಗಿತ್ತು, ಅಷ್ಟೇ.”

ಈ ಮಾತಿನಲ್ಲಿ ಒಂದು ಅಕ್ಷರವೂ ಸುಳ್ಳಲ್ಲ. ಯಾವ ಕೋರ್ಟಿಗೆ ಹೋದರೂ ನಿಲ್ಲುತ್ತದೆ. ಅವಳು ತಿರುಗಿ ಬಂದು ಬೊಡ್ಡೆಗೆ ನೀರು ಹಾಕಿ ಎಂದದ್ದನ್ನು ಮಾತ್ರ ಬಿಟ್ಟೆ. ಮೂವತ್ತು ವರ್ಷದ ಕಸುಬು ಅಂದರೆ ಅದೇ.

ನಾಲ್ಕನೆಯ ದಿನ ಗಂಗಮ್ಮನ ಗುಡಿಯ ಮುಂದೆ ಅವಳನ್ನು ಕರೆಸಿದರು. ನಮ್ಮ ಕಡೆ ಕರ್ಪೂರ ಆರಿಸುವುದು ಎಂದರೆ ದೊಡ್ಡ ಪ್ರಮಾಣ. ದೇವರ ಮುಂದೆ ಕರ್ಪೂರ ಹಚ್ಚಿ, ತಪ್ಪು ಮಾಡಿಲ್ಲ ಎನ್ನುವವರು ಅದನ್ನು ಅಂಗೈಯಿಂದ ಹೊಡೆದು ಆರಿಸಬೇಕು. ಅವಳು ತಲೆಗೆ ಸ್ನಾನ ಮಾಡಿ ಒದ್ದೆ ಕೂದಲಲ್ಲೇ ಬಂದಿದ್ದಳು. “ನಾನು ಬೆಂಕಿ ಅಚ್ಚಿಲ್ಲ” ಎಂದಳು, ಇನ್ನೇನೂ ಹೇಳಲಿಲ್ಲ. ಬೊಡ್ಡೆಯ ಮಾತನ್ನು ಅವಳು ಯಾಕೆ ಎತ್ತಲಿಲ್ಲವೋ — ಎತ್ತಿದರೆ ರೈಟರ್ ಸಾರ್ ಎದುರಿಗೆ ತನ್ನ ಮಾತು ಯಾರು ನಂಬುತ್ತಾರೆ ಎಂದುಕೊಂಡಳೋ, ನಾನೇ ಹೇಳಲಿ ಎಂದು ಕಾದಳೋ. ಒಂದು ಗಳಿಗೆ ನನ್ನ ಕಡೆ ನೋಡಿದ್ದು ನಿಜ. ನಾನು ಗುಡಿಯ ಗೋಡೆಯ ಮೇಲಿನ ಪಟ್ಟೆಗಳನ್ನು ನೋಡುತ್ತಾ ನಿಂತಿದ್ದೆ. ಅಂಗೈ ಕಲ್ಲಿಗೆ ಬಡಿದ ಸದ್ದು ಕೇಳಿಸಿತು.

ನನಗೆ ಯಾರೂ ಆರಿಸಿ ಎನ್ನಲಿಲ್ಲ. ಜಮೀನು ಸುಟ್ಟುಕೊಂಡವನನ್ನು ಯಾರು ಕೇಳುತ್ತಾರೆ?

ಪ್ರಮಾಣ ಮಾಡಿದ ಮೇಲೆ ಮುಗಿಯಿತು ಎಂದು ಹಿರಿಯರು ಹೇಳಿದರು. ಮುಗಿಯಲಿಲ್ಲ. ಡೈರಿಯ ಸಾಲಿನಲ್ಲಿ ಅವಳಿಗೆ ‘ಬೆಂಕಿ ರತ್ನಮ್ಮ’ ಎಂದು ಹೆಸರು ಬಿತ್ತು. ಕಳೆ ತೆಗೆಯಲು, ಟೊಮೆಟೊ ಬಿಡಿಸಲು ಹೋಗುವ ಹೆಂಗಸರ ಗುಂಪಿನವರು ಅವಳನ್ನು ಕರೆಯುವುದು ಬಿಟ್ಟರು. ಅವಳು ಬೆಳಿಗ್ಗೆ ಹಾಲು ಹಾಕಿ, ಬಸ್ಸು ಹತ್ತಿ ಬೇತಮಂಗಲದ ಕಡೆ ಗುರುತಿಲ್ಲದವರ ತೋಟಕ್ಕೆ ಕೂಲಿಗೆ ಹೋಗತೊಡಗಿದಳು. ಆ ಬಸ್ಸಿನ ಕಿಟಕಿಯಲ್ಲಿ ಅವಳನ್ನು ನಾನೇ ಎಷ್ಟೋ ಸಲ ಕಂಡೆ, ಕಂಡು ಅವಳ ಕಣ್ಣಿಗೆ ಬೀಳದಿರಲೆಂದು ಮೊಪೆಡ್ಡಿನ ವೇಗ ಕಡಿಮೆ ಮಾಡಿದೆ.

ಈಗ ಜಮೀನಿನ ಕಥೆ ಹೇಳಬೇಕು. ಹೇಳದಿದ್ದರೆ ಅವಳಿಗೆ ನಾನು ಎಷ್ಟು ಋಣಿ ಎಂಬುದು ನಿಮಗೆ ತಿಳಿಯುವುದಿಲ್ಲ.

ನರ್ಸರಿಯಿಂದ ತಂದ ಸಸಿಗಳು ಒಂದೂ ಉಳಿಯಲಿಲ್ಲ. ಆದರೆ ಮೊದಲ ಮುಂಗಾರು ಮಳೆ ಬಿದ್ದ ಮೇಲೆ ಕಪ್ಪು ನೆಲದಲ್ಲಿ ನಾನು ನೆಡದೇ ಇದ್ದ ಚಿಗುರುಗಳು ಎದ್ದವು. ತಂಗಡಿ ಬಂತು, ಬಾರೆ ಬಂತು. ಈಶಾನ್ಯದ ಮೂಲೆಯಲ್ಲಿ ಮುಳ್ಳಿನದೊಂದು ಕುಡಿ ಕಂಡು ಬಗ್ಗಿ ನೋಡಿದೆ — ಕಾರೆ. ಮೂಲಪತ್ರದಲ್ಲಿ ಬರೆದಿದ್ದ ಮೂಲೆಯಲ್ಲೇ, ಅಷ್ಟು ವರ್ಷ ನೀಲಗಿರಿಯ ಕೆಳಗೆ ಬೇರಿನಲ್ಲಿ ಜೀವ ಹಿಡಿದುಕೊಂಡಿತ್ತು. ನಾನು ಅಲ್ಲೇ ಕುಕ್ಕರುಗಾಲಲ್ಲಿ ಕೂತು ಅತ್ತೆ. ಸಂತೋಷಕ್ಕೇ ಅತ್ತದ್ದು, ಪೂರ್ತಿ ಸಂತೋಷಕ್ಕಲ್ಲ.

ಮುಂದಿನ ಬೇಸಿಗೆ ಬಂತು. ಬೇಸಿಗೆ ಬಂದರೆ ಸುತ್ತಲಿನ ಗೋಮಾಳಕ್ಕೆ ಯಾರಾದರೂ ಬೀಡಿ ಎಸೆದು ಬೆಂಕಿ ಬೀಳುವುದು ಮಾಮೂಲು. ಆ ಸಲವೂ ಬಿತ್ತು. ನಮ್ಮ ಜಮೀನಿನ ಅಂಚಿಗೆ ಬಂದು ನಿಂತುಹೋಯಿತು. ಹೋಗಿ ನೋಡಿದರೆ ಎರಡು ಎಕರೆಯ ಸುತ್ತಲೂ ಒಂದು ಮಾರು ಅಗಲಕ್ಕೆ ಹುಲ್ಲನ್ನು ನೆಲಮಟ್ಟ ಕೊಯ್ದು, ಉದುರಿದ ಎಲೆಯನ್ನೂ ಗುಡಿಸಿದ ಹಾಗೆ ತೆಗೆದಿದ್ದರು. ಬೆಂಕಿಗೆ ದಾಟಲು ದಾರಿಯೇ ಇರಲಿಲ್ಲ. ಪಂಚಾಯಿತಿಯವರು ಮಾಡಿಸಿರಬೇಕು ಎಂದುಕೊಂಡೆ, ಪಂಚಾಯಿತಿಯ ಮೇಲೆ ನನಗೆ ಅಷ್ಟು ನಂಬಿಕೆ!

ಅದರ ಮುಂದಿನ ವರ್ಷ ಸಂಕ್ರಾಂತಿ ಕಳೆದ ವಾರ, ಬೆಳಿಗ್ಗೆ ಸ್ವಲ್ಪ ಬೇಗ ಹೋಗಿದ್ದೆ. ಮುನಿರತ್ನಮ್ಮ ಬಗ್ಗಿ ಕೊಯ್ಯುತ್ತಿದ್ದಳು. ನನ್ನನ್ನು ಕಂಡು ನೆಟ್ಟಗಾದಳು, ಆದರೆ ಹೆದರಲಿಲ್ಲ. ನನ್ನ ಕಾಡಿಗಾಗಿ ಇಷ್ಟು ಕಷ್ಟಪಡುತ್ತಿದ್ದೀರಲ್ಲ ಎಂದು ಏನೋ ತೊದಲಿದೆ.

“ನಿಮ್ ಕಾಡಿಗಲ್ಲ ಸಾರ್,” ಎಂದಳು. “ಇನ್ನೊಂದ್ಸಲ ಇಲ್ಲಿ ಬೆಂಕಿ ಬಿದ್ರೆ ಊರೋರು ನನ್ ಮನೆ ತಾವಾನೇ ಬತ್ತಾರೆ. ಅದಕ್ಕೆ.”

ಆಗಲೇ ಹೇಳಬೇಕಿತ್ತು. ಬಾಯಿ ತೆರೆದೆ — ಹುಲ್ಲು ಎಷ್ಟು ಬೇಕಾದರೂ ಕೊಯ್ದುಕೊಳ್ಳಿ ಎಂದೆ. ಕೊಡಬೇಕಾದದ್ದು ಬಿಟ್ಟು ಕೈಗೆ ಸಿಕ್ಕಿದ್ದು ಕೊಟ್ಟು ಕಳಿಸುವ ಜಾತಿಯವನು ನಾನು. ಅವಳು ಒಳಗಿನ ಹುಲ್ಲು ಮುಟ್ಟಲಿಲ್ಲ. ಆ ಒಂದು ಮಾರು ಅಗಲದ ಸುತ್ತನ್ನು ಮಾತ್ರ ಪ್ರತಿವರ್ಷ, ಯಾರೂ ಹೇಳದೆ, ಶಿವರಾತ್ರಿಯೊಳಗೆ ಕೊಯ್ದು ಮುಗಿಸುತ್ತಾ ಬಂದಳು. ಕೊಯ್ಯುವಾಗ ನಡುವೆ ಒಂದೊಂದು ಕಡೆ ಒಂದು ಹಿಡಿ ಹುಲ್ಲು ಹಾಗೇ ನಿಂತಿರುತ್ತಿತ್ತು. ಇದೇಕೆ ಎಂದು ಒಮ್ಮೆ ಕೇಳಿದೆ. “ಗೌಜಲಕ್ಕಿ ಮೊಟ್ಟೆ ಇಟ್ಟೈತೆ, ಮರಿಯಾಗಿ ಓಗ್ಲಿ, ಆಮೇಲ್ ಕೊಯ್ತೀನಿ” ಎಂದಳು. ಮೊಟ್ಟೆ ಒಡೆದು ಮರಿಗಳು ಓಡಿದ ಮೇಲೆ ನಿಜವಾಗಿಯೂ ಬಂದು ಕೊಯ್ದಳು. ಹಕ್ಕಿಗಾಗಿ ಜಮೀನು ಕೊಂಡವನು ನಾನು, ಆ ಗೂಡನ್ನು ನಾನು ನೋಡಿಯೇ ಇರಲಿಲ್ಲ.

ಈಗ ಕಾರೆ ಮೆಳೆ ನನ್ನ ತಲೆಗಿಂತ ಎತ್ತರ ಬೆಳೆದಿದೆ. ತುಗ್ಗಲಿ ಎರಡು ಮೇಲೆದ್ದಿವೆ. ಮೊಲ ಇದೆ, ಮುಂಗುಸಿ ಇದೆ, ಬಾರೆಹಣ್ಣಿನ ಕಾಲಕ್ಕೆ ಹಕ್ಕಿಗಳ ಗಲಾಟೆಯಲ್ಲಿ ಪಕ್ಕದವರ ಮಾತು ಕೇಳಿಸುವುದಿಲ್ಲ. ದಿಣ್ಣೆಯ ಮೇಲೆ ನಿಂತರೆ ದೂರದಲ್ಲಿ ಕೆಜಿಎಫ್‌ನ ಚಿನ್ನದ ಗಣಿಯ ಸೈನೈಡ್ ಮಣ್ಣಿನ ದಿಬ್ಬ ಬೆಳ್ಳಗೆ ಕಾಣುತ್ತದೆ, ಈಚೆಗೆ ಈ ಹಸಿರು. ಸರೋಜಳೇ ಈಗ ನೆಂಟರನ್ನು ಕರೆತಂದು ತೋರಿಸುತ್ತಾಳೆ. ಹೋದ ವರ್ಷ ಒಂದು ಕಾಲೇಜಿನ ಹುಡುಗ ಹುಡುಗಿಯರು ಬಂದು ಪುಸ್ತಕ ತುಂಬ ಬರೆದುಕೊಂಡರು. ಅವರ ಮೇಡಂ ಕೇಳಿದರು: ಸುತ್ತಲೂ ಪ್ರತಿವರ್ಷ ಸುಡುತ್ತದೆ, ನಿಮ್ಮದು ಮಾತ್ರ ಹೇಗೆ ಉಳಿಯಿತು ಸಾರ್? ದೇವರ ದಯೆ ಎಂದೆ. ಅವರು ಅದನ್ನೂ ಬರೆದುಕೊಂಡರು.

ಅವತ್ತು ಮನೆಗೆ ಬಂದು ಊಟ ಮಾಡಲಾಗಲಿಲ್ಲ. ನನ್ನ ಕಾಡನ್ನು ಕಾದದ್ದು ಒಬ್ಬಳ ಭಯ. ಆ ಭಯ ಕೊಟ್ಟವನು ನಾನು. ಅದರ ನೆರಳಿನಲ್ಲಿ ನಿಂತು ಹೊಗಳಿಸಿಕೊಳ್ಳುತ್ತಿದ್ದವನೂ ನಾನೇ. ಸರೋಜಳಿಗೆ ಎಲ್ಲ ಹೇಳಿದೆ. ಅವಳು ನಗಲಿಲ್ಲ, ಬೈಯಲೂ ಇಲ್ಲ. ತಟ್ಟೆ ಎತ್ತಿಕೊಂಡು ಒಳಗೆ ಹೋಗಿ, ಬಾಗಿಲಲ್ಲಿ ನಿಂತು, “ನಂಗ್ಯಾಕೆ ಹೇಳ್ತೀರ, ಆಯಮ್ಮನ ತಾವ ಹೋಗಿ” ಎಂದಳು. ಹೋಗಲು ನನಗೆ ಇನ್ನೂ ಒಂದು ವರ್ಷ ಬೇಕಾಯಿತು.

ಮೊನ್ನೆ ಹೋದೆ. ಅವಳು ಈ ವರ್ಷದ ಕೊಯ್ಲು ಶುರುಮಾಡಿದ್ದಳು, ಪಡುವಲ ಅಂಚು ಮುಗಿದಿತ್ತು. ಬೊಡ್ಡೆ, ಸುರಂಗ, ಚಪ್ಪಲಿಯಿಂದ ತಳ್ಳಿದ ಮಣ್ಣು, ವೆಂಕಟೇಶಪ್ಪನಿಗೆ ಹೇಳಿದ ಮಾತು, ಹೇಳದೆ ಬಿಟ್ಟ ಮಾತು — ಒಂದೂ ಬಿಡದೆ ಹೇಳಿದೆ. ಕಾಲಿಗೆ ಬೀಳಲು ಬಗ್ಗಿದೆ. ಅವಳು ಹಿಂದೆ ಸರಿದಳು. ಕೊಯ್ದ ಹುಲ್ಲನ್ನು ಹಗ್ಗದ ಮೇಲೆ ಜೋಡಿಸಿ, ಮಂಡಿಯೂರಿ ಬಿಗಿದು ಕಟ್ಟಿದಳು.

“ನಂಗ್ಯಾಕೆ ಏಳ್ತೀರ ಸಾರ್? ನಾನು ಅಚ್ಚಿಲ್ಲ ಅಂತ ನಂಗೆ ಗೊತ್ತಲ್ಲ,” ಎಂದಳು. “ಗೊತ್ತಿಲ್ದೋರ್ಗೆ ಏಳಿ.”

ಆಮೇಲೆ ಸಿಂಬಿ ತಲೆಗಿಟ್ಟುಕೊಂಡು, “ಒರೆ ಎತ್ತಿಕೊಡಿ” ಎಂದಳು. ಎತ್ತಿಕೊಟ್ಟೆ. ಅದು ಅಷ್ಟು ಭಾರ ಇರುತ್ತದೆ ಎಂದು ನಾನು ತಿಳಿದಿರಲಿಲ್ಲ. ಅವಳು ಹಿಂದೆ ನೋಡದೆ ಬದುವಿನ ಮೇಲೆ ನಡೆದು ಹೋದಳು. ಕ್ಷಮಿಸಿದಳೋ ಇಲ್ಲವೋ ನನಗೆ ಗೊತ್ತಿಲ್ಲ, ಕೇಳುವ ಹಕ್ಕೂ ನನಗಿಲ್ಲ. ಆದರೆ ನನಗೆ ದಾರಿ ತೋರಿಸಿಯೇ ಹೋದಳು — ಬೊಡ್ಡೆ ತೋರಿಸಿದ ದಿನದ ಹಾಗೆಯೇ. ಅವತ್ತು ಕೇಳಲಿಲ್ಲ. ಇವತ್ತು ಕೇಳುತ್ತಿದ್ದೇನೆ. ಹೇಳಿಕೊಡುವವಳು ಎರಡನೆಯ ಸಲವೂ ಸಿಕ್ಕಿದಳಲ್ಲ, ಅದಕ್ಕೆ ಹೇಗೆ ಕೈಮುಗಿಯಲಿ.

ನಾಳೆ ಬೆಳಿಗ್ಗೆ ಆರೂವರೆಗೆ ಡೈರಿಯ ಮುಂದೆ ಊರಿಗೆ ಊರೇ ಕ್ಯಾನು ಹಿಡಿದು ಸಾಲು ನಿಂತಿರುತ್ತದೆ. ‘ಬೆಂಕಿ ರತ್ನಮ್ಮ’ ಎಂಬ ಹೆಸರು ಹುಟ್ಟಿದ್ದು ಆ ಸಾಲಿನಲ್ಲೇ. ವೆಂಕಟೇಶಪ್ಪನಿಗೆ ನಿನ್ನೆಯೇ ಹೇಳಿಟ್ಟಿದ್ದೇನೆ, ಹಾಲು ಅಳೆಯುವ ಮುಂಚೆ ನನಗೆ ಹತ್ತು ನಿಮಿಷ ಬೇಕು ಎಂದು. ಯಾಕೆ ಎಂದು ಅವನಿಗಿನ್ನೂ ಗೊತ್ತಿಲ್ಲ. ಈ ಕಾಗದವನ್ನೇ ಮೊದಲ ಸಾಲಿನಿಂದ ಓದುತ್ತೇನೆ. ಅವನ ಮೆದೆಯ ನಷ್ಟದ ಮಾತು ಅವನು ಹೇಳಿದ ಹಾಗೆ ಆಗಲಿ. ಕರ್ಪೂರ ತೆಗೆದುಕೊಂಡು ಹೋಗುವುದಿಲ್ಲ. ಅದು ಮಾಡಿಲ್ಲ ಎನ್ನುವವರಿಗೆ ಬೇಕಾಗುವುದು.

ಓದಿ ಮುಗಿಸಿ ನೇರ ಜಮೀನಿಗೆ ಹೋಗುತ್ತೇನೆ. ಕಮ್ಮಾರನ ಹತ್ತಿರ ಕುಡುಗೋಲು ಹಣಿಸಿ ತಂದಿದ್ದೇನೆ. ಮೂಡಲ, ತೆಂಕಲ, ಬಡಗಲ ಅಂಚುಗಳು ಇನ್ನೂ ಉಳಿದಿವೆ. ಶಿವರಾತ್ರಿಯೊಳಗೆ ಅವನ್ನು ನಾನು ಕೊಯ್ಯಬೇಕು, ಗೌಜಲಕ್ಕಿಯ ಗೂಡು ಎಲ್ಲೆಲ್ಲಿದೆ ಎಂದು ಮೊದಲು ನೋಡಿಕೊಂಡು. ಇನ್ನು ಮುಂದೆ ಮುನಿರತ್ನಮ್ಮ ಬೆಂಕಿಗೆ ಹೆದರಿ ಅಲ್ಲಿಗೆ ಬರಬೇಕಾಗಿಲ್ಲ. ಬರುವುದಾದರೆ ಅವಳ ಹಸುವಿನ ಹುಲ್ಲಿಗಾಗಿ ಬರಲಿ.